ಗ್ಯಾಸ್ ಗೀಸರ್ ತಗೊಂಡು ಎರಡು ವರ್ಷ: ಯಂತ್ರ ಚೆನ್ನಾಗಿದೆ, ನಾವು ಹಾಕಿಸಿದ ಜಾಗ ಸರಿ ಇರಲಿಲ್ಲ

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗೇ ಇದೆಯಾ? ಹಾಗಿದ್ದರೆ ಇದನ್ನೆಲ್ಲ ಓದಲು ಪುರುಸೊತ್ತು ಇಲ್ಲದಿದ್ದರೂ ಇವತ್ತಿನಿಂದ ಒಂದು ಕೆಲಸ ಮಾಡಿ. ಬಾಗಿಲು ತೆಗೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆಫ್ ಮಾಡಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಸ್ವಲ್ಪ ಹೊತ್ತು ಗಾಳಿ ಆಡಲು ಬಿಟ್ಟು, ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿ. ಅದು ಉರಿಯುತ್ತಿರುವಾಗ ಬಾಗಿಲು ಹಾಕಿಕೊಂಡು ಒಳಗೆ ಇರಲೇಬೇಡಿ. ಉಳಿದದ್ದನ್ನು ಬಿಡುವಾದಾಗ ಓದಿದರೆ ಸಾಕು.

ನಮ್ಮ ಮನೆ ಹಾಸನದಲ್ಲಿ. ಡಿಸೆಂಬರ್ ಬಂತೆಂದರೆ ಬೆಳಗಿನ ಆರಕ್ಕೆ ಟ್ಯಾಂಕಿನ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತದೆ. ಮೊದಲು 15 ಲೀಟರಿನ ಕರೆಂಟ್ ಗೀಸರ್ ಇತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ಎಂಟೂವರೆಯ ಬಸ್ ತಪ್ಪಿದರೆ ಕಷ್ಟ. ನಮ್ಮ ಯಜಮಾನರು ಅದಕ್ಕೂ ಮೊದಲೇ ಹೊರಡಬೇಕು, ಮಗಳಿಗೆ ಟ್ಯೂಷನ್, ನಮ್ಮತ್ತೆಗೆ ಸ್ನಾನ ಆಗದೆ ದೇವರ ಮುಂದೆ ದೀಪ ಹಚ್ಚುವ ಅಭ್ಯಾಸ ಇಲ್ಲ. ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋಗುವ ಹೊತ್ತಿಗೇ ಎಷ್ಟೋ ಸಲ ಕರೆಂಟ್ ಹೋಗುತ್ತಿತ್ತು, ಇದ್ದರೂ ಇಬ್ಬರದ್ದು ಮುಗಿದ ಮೇಲೆ ಮೂರನೆಯವರು ಇಪ್ಪತ್ತು ನಿಮಿಷ ಕಾಯಬೇಕಿತ್ತು. ಹೀಗಾಗಿ ಎರಡು ವರ್ಷದ ಹಿಂದೆ ನಿಮಿಷಕ್ಕೆ 6 ಲೀಟರ್ ಕೊಡುವ ಗ್ಯಾಸ್ ಗೀಸರ್ ತಂದೆವು. 5,200 ರೂಪಾಯಿ. ಯಾವ ಕಂಪನಿ ಅಂತ ಬರೆಯುವುದಿಲ್ಲ. ಈ ಬೆಲೆಗೆ ಸಿಗುವ 6 ಲೀಟರಿನ ಹೆಚ್ಚಿನವು ಒಳಗೆ ಒಂದೇ ಥರ ಇರುತ್ತವೆ, ನಾನು ಹೇಳುವುದು ಅವಕ್ಕೆಲ್ಲ ಅನ್ವಯಿಸುತ್ತದೆ.

ಯಂತ್ರದ ಬಗ್ಗೆ ನನಗೆ ದೂರಿಲ್ಲ. ನಲ್ಲಿ ತಿರುಗಿಸಿದರೆ ಟಕ್ ಟಕ್ ಟಕ್ ಅಂತ ಮೂರ್ನಾಲ್ಕು ಸಲ ಕಿಡಿ ಹಾರುತ್ತದೆ, ಭುಸ್ಸೆಂದು ಉರಿ ಹತ್ತಿಕೊಳ್ಳುತ್ತದೆ, ಹತ್ತು ಹದಿನೈದು ಸೆಕೆಂಡಿಗೆ ಬಿಸಿ ನೀರು. ನಲ್ಲಿ ನಿಲ್ಲಿಸಿದರೆ ಉರಿಯೂ ನಿಲ್ಲುತ್ತದೆ. ಕರೆಂಟ್ ಬೇಡ, ಎರಡು ದಪ್ಪ ಶೆಲ್ ಸಾಕು. ಮುಂದೆ ಒಂದು ಪುಟ್ಟ ಗಾಜಿನ ಕಿಂಡಿ ಇದೆ, ಅದರಲ್ಲಿ ಸಾಲಾಗಿ ನೀಲಿ ಉರಿ ಕಾಣುತ್ತದೆ. ಎಷ್ಟು ಜನ ಸ್ನಾನ ಮಾಡಿದರೂ ನೀರು ಮುಗಿಯಿತು ಅನ್ನುವ ಮಾತಿಲ್ಲ.

ಖರ್ಚು ಉಳಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರಲ್ಲ, ಅದನ್ನು ನಂಬಿ ತಗೋಬೇಡಿ. ನಾನು ಕೂತು ಲೆಕ್ಕ ಹಾಕಿದ್ದೇನೆ. ಇದರ ಮೈಮೇಲೆ 12 ಕಿಲೋವ್ಯಾಟ್ ಅಂತ ಬರೆದಿದೆ. ಒಂದು ಕಿಲೋ ಎಲ್‌ಪಿಜಿಯಲ್ಲಿ ಹೆಚ್ಚೂಕಡಿಮೆ ಹನ್ನೆರಡೂವರೆ ಯೂನಿಟ್ ಕರೆಂಟಿನಷ್ಟು ಶಾಖ ಇರುತ್ತದೆ. ಅಂದರೆ ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸ್, ಹತ್ತು ನಿಮಿಷಕ್ಕೆ ಸುಮಾರು 155 ಗ್ರಾಂ. 14.2 ಕಿಲೋ ಸಿಲಿಂಡರಿಗೆ ಹತ್ತು ನಿಮಿಷದ ತೊಂಬತ್ತು ಸ್ನಾನ. ಸಿಲಿಂಡರಿಗೆ 860 ರೂಪಾಯಿ ಹಿಡಿದರೆ ಒಂದು ಸ್ನಾನಕ್ಕೆ ಒಂಬತ್ತೂವರೆ ರೂಪಾಯಿ. ಅಷ್ಟೇ ನೀರನ್ನು ಕರೆಂಟಿನಲ್ಲಿ ಕಾಯಿಸಿದರೆ ಯೂನಿಟ್ಟಿಗೆ ಆರು ರೂಪಾಯಿ ಲೆಕ್ಕದಲ್ಲಿ ಹತ್ತು ಹನ್ನೊಂದು ರೂಪಾಯಿ ಆಗುತ್ತದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಏನಿಲ್ಲ. ಗೃಹಜ್ಯೋತಿಯ ಮಿತಿಯೊಳಗೆ ಬಿಲ್ ಸೊನ್ನೆ ಬರುವ ಮನೆಯಾಗಿದ್ದರೆ ಗ್ಯಾಸೇ ದುಬಾರಿ. ಕಾಯದೆ ತಕ್ಷಣ ನೀರು ಸಿಗಬೇಕು, ಕರೆಂಟ್ ಇಲ್ಲದಾಗಲೂ ಸಿಗಬೇಕು ಅನ್ನುವವರು ಮಾತ್ರ ಇದನ್ನು ತಗೊಳ್ಳಿ.

ಈಗ ಜಾಗದ ವಿಷಯ.

ಫಿಟ್ಟಿಂಗಿಗೆ ಬಂದ ಹುಡುಗ ಬಾತ್‌ರೂಮಿನ ಗೋಡೆ ನೋಡಿ, “ಇಲ್ಲೇ ಹಾಕಿಬಿಡ್ತೀನಿ ಮೇಡಂ, ಎಲ್ಲರೂ ಇಲ್ಲೇ ಹಾಕಿಸೋದು, ಪೈಪಿನ ಖರ್ಚು ಉಳಿಯುತ್ತೆ” ಅಂದ. ನಾವೂ ಹೂಂ ಅಂದೆವು. ಜೊತೆಗೆ ಬಂದ ಪುಸ್ತಕದಲ್ಲಿ ಸ್ನಾನದ ಕೋಣೆಯೊಳಗೆ ಹಾಕಬಾರದು ಅಂತ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಬರೆದೇ ಇದೆ. ನಾನು ಅದನ್ನು ಓದಿದ್ದು ಒಂದು ವರ್ಷ ಕಳೆದ ಮೇಲೆ. ನಮ್ಮದರಲ್ಲಿ ಹೊಗೆ ಕೊಳವೆಯೂ ಇಲ್ಲ, ಮೇಲ್ಗಡೆ ಸೀಳುಗಳು ಇವೆ, ಉರಿದ ಗಾಳಿ ಅಲ್ಲಿಂದಲೇ ಕೋಣೆಗೆ ಬರುತ್ತದೆ. ಮೊದಲ ವರ್ಷ ಏನೂ ಆಗಲಿಲ್ಲ. ಬೇಸಿಗೆಯಲ್ಲಿ ಶುರು ಮಾಡಿದ್ದು, ವೆಂಟಿಲೇಟರ್ ತೆಗೆದೇ ಇರುತ್ತಿತ್ತು, ಬಿಸಿ ನೀರೂ ಕಡಿಮೆ ಸಾಕಾಗುತ್ತಿತ್ತು.

ಕಳೆದ ಚಳಿಗಾಲಕ್ಕೆ ಗಾಳಿ ನುಗ್ಗುತ್ತದೆ ಅಂತ ವೆಂಟಿಲೇಟರಿನ ಗಾಜಿನ ಪಟ್ಟಿಗಳನ್ನು ಮುಚ್ಚಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆವು. ಆಮೇಲೆ ಎರಡು ವಾರ ನಮ್ಮತ್ತೆ ಸ್ನಾನ ಮುಗಿಸಿ ಬಂದಾಗೆಲ್ಲ ತಲೆನೋವು, ವಾಕರಿಕೆ ಅನ್ನುತ್ತಿದ್ದರು. “ಪಿತ್ತ ಆಗಿದೆ ಕಣಮ್ಮ, ಒಂದು ಲೋಟ ಜೀರಿಗೆ ಕಷಾಯ ಮಾಡಿಕೊಡು” ಅನ್ನುವರು. ಕುಡಿದು ಹಾಲಿನ ಬಾಗಿಲ ಹತ್ತಿರ ಕೂತರೆ ಅರ್ಧ ಗಂಟೆಗೆ ಸರಿಹೋಗುತ್ತಿತ್ತು. ಕಷಾಯದಿಂದ ಸರಿಹೋಯಿತು ಅಂತಲೇ ನಾವು ಅಂದುಕೊಂಡೆವು. ಸರಿಹೋಗಿದ್ದು ಬಾಗಿಲ ಹತ್ತಿರದ ಗಾಳಿಯಿಂದ.

ಡಿಸೆಂಬರಿನ ಒಂದು ಭಾನುವಾರ ಎಣ್ಣೆ ಸ್ನಾನ. ಎಣ್ಣೆ ಸ್ನಾನ ಅಂದರೆ ಗೊತ್ತಲ್ಲ, ಸೀಗೆಪುಡಿ ಹಾಕಿ ಜಿಡ್ಡು ಹೋಗುವವರೆಗೂ ನೀರು ಬಿಡುತ್ತಲೇ ಇರಬೇಕು. ಮೊದಲು ಯಜಮಾನರು, ಆಮೇಲೆ ಅತ್ತೆ, ಅವರ ಹಿಂದೆಯೇ ಮಗಳು. ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತಾ ಕೂತಿದ್ದೆ. ಒಳಗೆ ಚೊಂಬು ಬಿದ್ದ ಸದ್ದಾಯಿತು. ಚೊಂಬು ಕೈಜಾರಿ ಬಿದ್ದರೆ ಉರುಳಿಕೊಂಡು ಹೋಗುತ್ತದೆ, ತಕ್ಷಣ ಎತ್ತಿಕೊಳ್ಳುವ ಸದ್ದೂ ಕೇಳುತ್ತದೆ. ಇದು ಉರುಳಿ ಗೋಡೆಗೆ ತಗುಲಿ ನಿಂತಿತು, ಮತ್ತೆ ಏನೂ ಕೇಳಲಿಲ್ಲ, ನೀರು ಮಾತ್ರ ಬೀಳುತ್ತಲೇ ಇತ್ತು. ಕೂಗಿದೆ. ಉತ್ತರ ಇಲ್ಲ. ಬಾಗಿಲು ಬಡಿದೆ. ಎರಡನೇ ಸಲ ಬಡಿಯುವಾಗ ಒಳಗಿಂದ ಚಿಲಕ ತೆಗೆದಳು, ತೆಗೆದವಳು ಹೊಸ್ತಿಲ ಮೇಲೆ ಹಾಗೇ ಕುಸಿದಳು. ಅವಳಿಗೆ ಚಿಲಕ ಕೈಗೆ ಸಿಕ್ಕಿತಲ್ಲ, ಅಷ್ಟಕ್ಕೇ ನಮ್ಮ ಮಗು ನಮಗೆ ಉಳಿಯಿತು.

ಆಸ್ಪತ್ರೆಯಲ್ಲಿ ನಾನು, ಮಗಳು ಬೆಳಗ್ಗೆಯಿಂದ ಏನೂ ತಿಂದಿಲ್ಲ, ಅದಕ್ಕೇ ಅವಳಿಗೆ ತಲೆ ಸುತ್ತಿರಬೇಕು ಅಂತ ಹೇಳಲು ಶುರು ಮಾಡಿದೆ. ಡಾಕ್ಟರು ಮಾತು ಮುಗಿಯುವ ಮೊದಲೇ, “ಎಲ್ಲಿ ಬಿದ್ದಳು? ಬಾತ್‌ರೂಮಿನಲ್ಲಾ? ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ?” ಅಂತ ಕೇಳಿದರು. ಬೆರಳಿಗೆ ಹಾಕುವ ಕ್ಲಿಪ್ಪಿನಲ್ಲಿ ಆಮ್ಲಜನಕ 98 ಅಂತ ತೋರಿಸುತ್ತಿತ್ತು. ನಾನು ಅದನ್ನು ನೋಡಿ ಸಮಾಧಾನ ಪಟ್ಟುಕೊಂಡೆ. ಅವರು ಅದನ್ನು ನಂಬಬೇಡಿ ಅಂದರು. ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಹೋಗಿ ಕೂತಿದ್ದರೂ ಆ ಕ್ಲಿಪ್ಪಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎರಡನ್ನೂ ಒಂದೇ ಅಂತ ಎಣಿಸುತ್ತದೆ. ಅದಕ್ಕೆ ಬೇರೆ ರಕ್ತ ಪರೀಕ್ಷೆಯೇ ಆಗಬೇಕು. ತಕ್ಷಣ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟರು. ಈ ವಿಷ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಜಾಸ್ತಿ ಗಟ್ಟಿಯಾಗಿ ಅಂಟುತ್ತದೆ. ಬರೀ ಗಾಳಿಯಲ್ಲಿ ಬಿಟ್ಟರೆ ಅದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ. ಇದಕ್ಕೆ ಡಾಕ್ಟರುಗಳ ನಡುವೆ ಗ್ಯಾಸ್ ಗೀಸರ್ ಸಿಂಡ್ರೋಮ್ ಅಂತಲೇ ಹೆಸರು ಇದೆಯಂತೆ. ಫಿಟ್ಸ್ ಅಂತ ತಿಳಿದು ವರ್ಷಗಟ್ಟಲೆ ಮಾತ್ರೆ ತಿಂದವರೂ ಇದ್ದಾರೆ ಅಂದರು. ಸಂಜೆಗೆ ಮಗಳು ಮನೆಗೆ ಬಂದಳು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪೂರ್ಣ ದಹನ, ಅಂದರೆ ಗಾಳಿ ಸಾಲದೆ ಅರೆಬರೆ ಉರಿಯುವುದು, ಅಂತ ಪ್ರತಿ ವರ್ಷ ಹತ್ತನೇ ತರಗತಿಗೆ ಪಾಠ ಮಾಡುತ್ತೇನೆ. ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರಿನ ಗಾಳಿ ತೂತುಗಳು ಮುಚ್ಚಿವೆ ಅಂತ ಅರ್ಥ, ಪುಸ್ತಕದಲ್ಲೇ ಇದೆ. ಎದ್ದು ಕೂತು ನಮ್ಮ ಬಾತ್‌ರೂಮಿನ ಲೆಕ್ಕ ಹಾಕಿದೆ. ಐದು ಅಡಿ, ಏಳು ಅಡಿ, ಎತ್ತರ ಎಂಟು ಅಡಿ. ಒಟ್ಟು 280 ಘನ ಅಡಿ, ಅಂದರೆ ಸುಮಾರು 8 ಘನ ಮೀಟರ್ ಗಾಳಿ. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಹದಿನೈದು ಕಿಲೋಗೂ ಜಾಸ್ತಿ ಗಾಳಿ ಬೇಕು. ಹತ್ತು ನಿಮಿಷದ ಸ್ನಾನಕ್ಕೆ 155 ಗ್ರಾಂ ಗ್ಯಾಸ್ ಅಂದೆನಲ್ಲ, ಅದು ಎರಡು ಘನ ಮೀಟರ್ ಗಾಳಿಯ ಆಮ್ಲಜನಕವನ್ನು ಪೂರ್ತಿ ತಿಂದುಬಿಡುತ್ತದೆ. ಎಲ್ಲ ಮುಚ್ಚಿದ ಕೋಣೆಯಾದರೆ ಒಂದೇ ಸ್ನಾನಕ್ಕೆ ಕಾಲು ಭಾಗ ಹೋಯಿತು, 21 ಪಾಲು ಇದ್ದ ಆಮ್ಲಜನಕ 16ಕ್ಕೆ ಇಳಿಯಿತು. ಕೋಣೆಯಲ್ಲಿ ಅಲ್ಲಿ ಇಲ್ಲಿ ಸಂದಿ ಇದ್ದೇ ಇರುತ್ತದೆ, ಪೂರ್ತಿ ಅಷ್ಟು ಇಳಿಯಲಿಕ್ಕಿಲ್ಲ. ಆದರೆ ಅವತ್ತು ಮಗಳು ಮೂರನೆಯವಳು. ಮತ್ತೆ ಆಮ್ಲಜನಕ ಇಳಿಯುತ್ತಾ ಹೋದ ಹಾಗೆ ಉರಿಯೂ ಕೆಡುತ್ತದೆ, ಕೆಟ್ಟ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯುವುದಿಲ್ಲ. ಸಿಲಿಂಡರ್ ಸೋರಿದರೆ ಬರುತ್ತದಲ್ಲ ಆ ಕೆಟ್ಟ ವಾಸನೆ, ಅದು ಗ್ಯಾಸಿಗೆ ಬೇಕೆಂದೇ ಬೆರೆಸಿದ್ದು, ಉರಿದ ಮೇಲೆ ಅದೂ ಇರುವುದಿಲ್ಲ. ಹಾಗಾಗಿ ವಾಸನೆ ಬಂದಿಲ್ಲ, ಸೋರಿಲ್ಲ, ಏನೂ ತೊಂದರೆ ಇಲ್ಲ ಅಂದುಕೊಳ್ಳಬೇಡಿ.

ಇನ್ನೊಂದು ಥರ ಹೇಳಬೇಕೆಂದರೆ, ಅಡುಗೆ ಒಲೆಯ ದೊಡ್ಡ ಬರ್ನರ್ ಎರಡು ಕಿಲೋವ್ಯಾಟಿನ ಆಸುಪಾಸು. ಈ ಗೀಸರ್ 12. ಬಾತ್‌ರೂಮಿನಲ್ಲಿ ಆರು ದೊಡ್ಡ ಬರ್ನರ್ ಜೋರಾಗಿ ಹಚ್ಚಿಟ್ಟು ಬಾಗಿಲು ಹಾಕಿಕೊಂಡು ಕೂರು ಅಂದರೆ ಯಾರಾದರೂ ಕೂರುತ್ತಾರಾ?

ನಮ್ಮತ್ತೆ ಅರಸೀಕೆರೆ ಕಡೆಯವರು. ಅವರ ಮನೆಯಲ್ಲಿ ಬಚ್ಚಲೊಳಗೇ ಹಂಡೆ, ತೆಂಗಿನ ಮಟ್ಟೆ, ಗರಿ, ಚಿಪ್ಪು ಹಾಕಿ ಉರಿ ಮಾಡುತ್ತಿದ್ದರು. ಮೇಲೆ ಹೆಂಚು ಸರಿಸಿ ಬಿಟ್ಟ ಬೆಳಕಿಂಡಿ, ಬಾಗಿಲು ಅನ್ನುವುದು ಅರ್ಧದ್ದು. ಎಲ್ಲ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟೇ: “ಹೊಗೆ ಕಣ್ಣಿಗೆ ತುಂಬಿದರೆ ಎದ್ದು ಆಚೆ ಬರ್ತಿದ್ವಿ. ಇದು ಕಾಣೋದೇ ಇಲ್ವಲ್ಲಮ್ಮ.”

ಎಕ್ಸಾಸ್ಟ್ ಫ್ಯಾನ್ ಹಾಕಿಸಿದರೆ ಆಗಲ್ವಾ ಅಂತ ತುಂಬ ಜನ ಕೇಳಿದರು. ಫ್ಯಾನ್ ಇದ್ದರೆ ಇಲ್ಲದ್ದಕ್ಕಿಂತ ಮೇಲು, ಅದೂ ಒಳಗೆ ಹೊಸ ಗಾಳಿ ಬರಲು ಬಾಗಿಲ ಕೆಳಗೆ ದಾರಿ ಇದ್ದರೆ. ಆದರೆ ಕರೆಂಟ್ ಇಲ್ಲದಾಗಲೂ ನೀರು ಕಾಯಲಿ ಅಂತ ತಾನೇ ನಾವು ಇದನ್ನು ತರುವುದು? ಕರೆಂಟ್ ಹೋದ ಹೊತ್ತಿಗೆ ಫ್ಯಾನೂ ನಿಂತಿರುತ್ತದೆ, ಗೀಸರ್ ಮಾತ್ರ ಶೆಲ್ ಮೇಲೆ ಉರಿಯುತ್ತಲೇ ಇರುತ್ತದೆ. ಡಬ್ಬಿಯ ಮೇಲೆ ಬರೆದ ಸುರಕ್ಷತೆಯ ಪಟ್ಟಿಯನ್ನೂ ನೋಡಿದೆ. ಉರಿ ಆರಿದರೆ ಗ್ಯಾಸ್ ನಿಲ್ಲುತ್ತದೆ, ನೀರು ಅತಿಯಾಗಿ ಕಾದರೆ ನಿಲ್ಲುತ್ತದೆ, 20 ನಿಮಿಷ ಒಂದೇ ಸಮನೆ ಉರಿದರೆ ತಾನೇ ನಿಲ್ಲುತ್ತದೆ. ಮೂರೂ ಒಳ್ಳೆಯವೇ. ಆದರೆ ಅವುಗಳಲ್ಲಿ ಒಂದೂ ಕೋಣೆಯ ಗಾಳಿಯನ್ನು ನೋಡುವುದಿಲ್ಲ. 20 ನಿಮಿಷಕ್ಕೆ ನಿಂತದ್ದು ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಮತ್ತೆ ಹತ್ತಿಕೊಳ್ಳುತ್ತದೆ. ಕೊಳ್ಳುವಾಗ ಐಎಸ್‌ಐ ಗುರುತು, ಅದರ ಜೊತೆ ಐಎಸ್ 15558 ಅನ್ನುವ ಸಂಖ್ಯೆ ಇದೆಯಾ ನೋಡಿ, ಇಲ್ಲದ್ದು ಬೇಡವೇ ಬೇಡ. ಆದರೆ ಆ ಗುರುತು ಇದ್ದ ಮಾತ್ರಕ್ಕೆ ಬಾತ್‌ರೂಮಿನೊಳಗೆ ಹಾಕಬಹುದು ಅಂತ ಅಲ್ಲ.

ಮಾರನೇ ವಾರವೇ ಪ್ಲಂಬರ್ ಕರೆಸಿ ಗೀಸರನ್ನು ಹಿಂದಿನ ಯುಟಿಲಿಟಿಗೆ ಸಾಗಿಸಿದೆವು. ಅಲ್ಲಿ ಎರಡು ಕಡೆ ಬರೀ ಗ್ರಿಲ್. ಬಾತ್‌ರೂಮಿನವರೆಗೆ ಹದಿನೈದು ಅಡಿ ಬಿಸಿನೀರಿನ ಪೈಪ್ ಎಳೆಸಿದೆವು. ಪೈಪ್, ಕೂಲಿ ಎಲ್ಲ ಸೇರಿ 2,800 ರೂಪಾಯಿ ಆಯಿತು. ಬಿಸಿ ನೀರಿಗೆ ಸಿಪಿವಿಸಿ ಪೈಪೇ ಆಗಬೇಕು. ತಣ್ಣೀರಿಗೆ ಹಾಕುವ ಬಿಳಿ ಪಿವಿಸಿ ಹಾಕಿದರೆ ಶಾಖಕ್ಕೆ ಮೆತ್ತಗಾಗಿ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಈಗ ನಲ್ಲಿ ಬಿಟ್ಟಾಗ ಮೊದಲು ಒಂದು ಚೊಂಬಿನಷ್ಟು ತಣ್ಣೀರು ಬರುತ್ತದೆ, ಅದನ್ನು ಬೇರೆ ಬಕೆಟ್ಟಿಗೆ ಹಿಡಿಯುತ್ತೇವೆ. ಆಷಾಢದ ಗಾಳಿಗೆ ಎರಡು ಸಲ ಉರಿ ಆರಿತು, ಗಾಳಿ ಬರುವ ಕಡೆ ಅರ್ಧ ಎತ್ತರಕ್ಕೆ ಒಂದು ತಗಡಿನ ಮರೆ ಕಟ್ಟಿಸಿದ ಮೇಲೆ ಆ ತೊಂದರೆ ಇಲ್ಲ. ಪೂರ್ತಿ ಮುಚ್ಚಬೇಡಿ. ಯುಟಿಲಿಟಿಯನ್ನು ಸುತ್ತಲೂ ಗಾಜು ಹಾಕಿ ಮುಚ್ಚಿದ್ದರೆ ಅದೂ ಬಾತ್‌ರೂಮೇ. ಕಿಟಕಿಯ ಕೆಳಗೂ ಬೇಡ, ಉರಿದ ಗಾಳಿ ಆ ಕಿಟಕಿಯಿಂದ ಒಳಗೆ ಬರುತ್ತದೆ.

ಈಗ ರಿಪೇರಿ ವಿಷಯ. ಎರಡು ವರ್ಷದಲ್ಲಿ ಇದರ ಸಣ್ಣಪುಟ್ಟ ರಗಳೆ ಎಲ್ಲ ನೋಡಿದ್ದೇನೆ, ಮುಕ್ಕಾಲು ಪಾಲು ಮೆಕ್ಯಾನಿಕ್ ಬೇಕಾಗದಂಥವು.

ನಲ್ಲಿ ಬಿಟ್ಟರೂ ಟಕ್ ಟಕ್ ಸದ್ದೇ ಬರದಿದ್ದರೆ ಮೊದಲು ಶೆಲ್ ನೋಡಿ. ಶೆಲ್ ಮುಗಿದಿರದಿದ್ದರೂ ಅದು ಕೂರುವ ಜಾಗದ ತಗಡಿಗೆ ಹಸಿರು ಪುಡಿ ಹಿಡಿದಿರುತ್ತದೆ, ಉಪ್ಪುಕಾಗದದಿಂದ ಉಜ್ಜಿದರೆ ಹೋಗುತ್ತದೆ. ನಮ್ಮದಕ್ಕೆ ಮಾಮೂಲಿ ಶೆಲ್ ಮೂರ್ನಾಲ್ಕು ತಿಂಗಳು, ಆಲ್ಕಲೈನ್ ಆದರೆ ಎಂಟು ತಿಂಗಳು ಬಂತು. ಚಾರ್ಜ್ ಮಾಡುವ ಶೆಲ್ ಹಾಕಬೇಡಿ, ಅವುಗಳ ವೋಲ್ಟೇಜ್ ಒಂದೂವರೆ ಇರುವುದಿಲ್ಲ, 1.2 ಇರುತ್ತದೆ, ಕಿಡಿ ಸರಿಯಾಗಿ ಹಾರುವುದಿಲ್ಲ. ಶೆಲ್ ಸರಿ ಇದ್ದೂ ಸದ್ದಿಲ್ಲ ಅಂದರೆ ನೀರಿನ ಒತ್ತಡ ಸಾಲುತ್ತಿಲ್ಲ. ಒಳಗೊಂದು ರಬ್ಬರ್ ಪರದೆ ಇದೆ, ನೀರು ಜೋರಾಗಿ ನುಗ್ಗಿದರೆ ಮಾತ್ರ ಅದು ಸ್ವಿಚ್ಚನ್ನು ಒತ್ತುತ್ತದೆ. ಟ್ಯಾಂಕಿನ ತಳ ಗೀಸರಿಗಿಂತ ಕನಿಷ್ಠ ಎಂಟು ಹತ್ತು ಅಡಿ ಮೇಲಿದ್ದರೆ ಒಳ್ಳೆಯದು. ನಮ್ಮದು ಕೆಳಗಿನ ಮನೆ, ಟ್ಯಾಂಕ್ ಎರಡನೇ ತಾರಸಿಯ ಮೇಲೆ, ತೊಂದರೆ ಇಲ್ಲ. ತಾರಸಿಗೆ ಅಂಟಿಕೊಂಡ ಮನೆಯವರಿಗೆ ಒತ್ತಡ ಸಾಲದೆ ಪ್ರೆಷರ್ ಪಂಪ್ ಬೇಕಾಗುತ್ತದೆ, ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಒಂದು ದಿನ ಚೆನ್ನಾಗಿದ್ದದ್ದು ಮಾರನೇ ದಿನ ಸುಮ್ನೆ ನಿಂತುಹೋಯಿತು. ಶೆಲ್ ಹೊಸದು, ಟ್ಯಾಂಕ್ ತುಂಬಿದೆ. ನೀರು ಒಳಗೆ ಹೋಗುವ ಕಡೆಯ ನಟ್ ಬಿಚ್ಚಿದರೆ ಒಂದು ರೂಪಾಯಿ ನಾಣ್ಯದಗಲ ಒಂದು ಜಾಲರಿ ಸಿಗುತ್ತದೆ. ಅದರ ತುಂಬ ಮರಳು, ಪಾಚಿ, ಟ್ಯಾಂಕ್ ತೊಳೆದಾಗ ಕದಡಿದ ಕೆಸರು. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು ಹಾಕಿದೆ, ಸರಿಹೋಯಿತು. ಇದಕ್ಕೇ ಮೆಕ್ಯಾನಿಕ್ಕಿಗೆ ಫೋನ್ ಮಾಡಿದಾಗ ಬಂದು ನೋಡಲು 350 ರೂಪಾಯಿ ಹೇಳಿದ್ದರು. ಟ್ಯಾಂಕ್ ತೊಳೆದಾಗೆಲ್ಲ ಈಗ ಜಾಲರಿಯನ್ನೂ ತೊಳೆಯುತ್ತೇನೆ.

ಟಕ್ ಟಕ್ ಬರುತ್ತೆ, ಉರಿ ಹತ್ತಲ್ಲ ಅಂದರೆ ಗ್ಯಾಸ್ ಬರುತ್ತಿಲ್ಲ. ರೆಗ್ಯುಲೇಟರ್ ಆನ್ ಮಾಡಿದ್ದೀರಾ, ಸಿಲಿಂಡರ್ ಖಾಲಿಯಾ ನೋಡಿ. ಸಿಲಿಂಡರ್ ಬದಲಿಸಿದ ದಿನ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ಎರಡು ಮೂರು ಸಲ ನಲ್ಲಿ ಬಿಟ್ಟು ನಿಲ್ಲಿಸಿದರೆ ಹತ್ತಿಕೊಳ್ಳುತ್ತದೆ, ಆದರೆ ನಡುನಡುವೆ ಅರ್ಧ ನಿಮಿಷ ಬಿಡಿ. ಬಿಡದೆ ಒಂದೇ ಸಮ ಪ್ರಯತ್ನ ಮಾಡಿದರೆ ಒಳಗೆ ಗ್ಯಾಸ್ ಸೇರಿಕೊಂಡು ಆಮೇಲೆ ಢಬ್ ಅಂತ ಹತ್ತುತ್ತದೆ. ಹೀಗೆ ಢಬ್ ಅನ್ನುವುದು ದಿನಾ ಆಗತೊಡಗಿದರೆ ಬರ್ನರಿನಲ್ಲಿ ಕಸ ಕೂತಿದೆ ಅಥವಾ ಕಿಡಿ ಹಾರುವ ಕಡ್ಡಿ ಜಾಗ ಬಿಟ್ಟು ಸರಿದಿದೆ ಅಂತ. ಅದಕ್ಕೆ ಮೆಕ್ಯಾನಿಕ್ಕೇ ಬೇಕು, ಅಲ್ಲಿಯವರೆಗೆ ಬಳಸಬೇಡಿ. ಉರಿ ಹತ್ತಿ ಎರಡೇ ಸೆಕೆಂಡಿಗೆ ಆರಿಹೋದರೆ ಸಾಮಾನ್ಯವಾಗಿ ಶೆಲ್ ಸೋತಿರುತ್ತದೆ, ಇಲ್ಲವೇ ಉರಿ ಇದೆಯಾ ಅಂತ ನೋಡುವ ಇನ್ನೊಂದು ಕಡ್ಡಿಗೆ ಮಸಿ ಹಿಡಿದಿರುತ್ತದೆ.

ನೀರು ಸಾಕಷ್ಟು ಬಿಸಿ ಆಗುತ್ತಿಲ್ಲ ಅನ್ನುವವರು ನೀರನ್ನು ಸ್ವಲ್ಪ ಸಣ್ಣ ಮಾಡಿ ನೋಡಿ, ಅದೇ ಉರಿಗೆ ಕಡಿಮೆ ನೀರು ಹೋದರೆ ಬಿಸಿ ಜಾಸ್ತಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಒಳಗಿನ ತಾಮ್ರದ ಸುರುಳಿಗೆ ಬಿಳಿ ಉಪ್ಪು ಕಟ್ಟಿಕೊಳ್ಳುತ್ತದೆ, ವರ್ಷ ಕಳೆದಂತೆ ಬಿಸಿ ಇಳಿಯುತ್ತಾ ಬರುತ್ತದೆ. ಅದನ್ನು ಬಿಚ್ಚಿ ತೊಳೆಸಬೇಕು.

ಎರಡು ವಿಷಯದಲ್ಲಿ ಮಾತ್ರ ಪ್ರಯೋಗ ಬೇಡ. ಒಂದು, ಕಿಂಡಿಯಲ್ಲಿ ಕಾಣುವ ಉರಿ ನೀಲಿ ಹೋಗಿ ಹಳದಿ ಆದರೆ. ಇಲ್ಲವೇ ಮೇಲಿನ ಸೀಳುಗಳ ಸುತ್ತ ಮಸಿ ಕಂಡರೆ. ಅಂದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ವಿಷ ಬರುತ್ತಿದೆ. ನಮ್ಮ ಗೀಸರಿನ ಮೇಲ್ಗಡೆ ಆ ಮಸಿ ಇತ್ತು, ಬಾತ್‌ರೂಮಿನಲ್ಲಿದ್ದಾಗ ಧೂಳು ಅಂತ ಎರಡು ಸಲ ನಾನೇ ಒರೆಸಿದ್ದೆ. ಮೆಕ್ಯಾನಿಕ್ ಬಿಚ್ಚಿದಾಗ ಬರ್ನರಿನ ತೂತುಗಳಲ್ಲಿ ಜೇಡರ ಬಲೆ ಸಿಕ್ಕಿತು. ಎರಡನೆಯದು, ನಲ್ಲಿ ನಿಲ್ಲಿಸಿದ ಮೇಲೂ ಉರಿ ಆರದಿದ್ದರೆ. ನೀರಿನ ಕವಾಟ ಸಿಕ್ಕಿಹಾಕಿಕೊಂಡಿದೆ, ಒಳಗಿನ ನೀರು ಕುದಿದು ಹಬೆಯಾಗುತ್ತದೆ. ನೇರ ಹೋಗಿ ರೆಗ್ಯುಲೇಟರ್ ಬಂದ್ ಮಾಡಿ. ನಮಗೆ ಇದು ಆಗಿಲ್ಲ, ಆದರೂ ದಿನಾ ನಲ್ಲಿ ನಿಲ್ಲಿಸಿದ ಮೇಲೆ ಕಿಂಡಿ ಕಡೆ ಒಮ್ಮೆ ಕಣ್ಣು ಹಾಯಿಸುತ್ತೇನೆ.

ಸಿಲಿಂಡರಿನ ಬಗ್ಗೆ. ಅಡುಗೆ ಒಲೆಯ ಪೈಪಿಗೇ ಟಿ ಹಾಕಿ ಗೀಸರಿಗೂ ಕೊಡುತ್ತೇನೆ ಅಂತ ಮೊದಲು ಬಂದ ಹುಡುಗ ಹೇಳಿದ್ದ. ಗ್ಯಾಸ್ ಏಜೆನ್ಸಿಯವರು ಅದನ್ನು ಕೇಳಿಯೇ ಬೇಡ ಅಂದರು, ಜಾಯಿಂಟ್ ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚು. ನಮ್ಮದು ಎರಡು ಸಿಲಿಂಡರಿನ ಕನೆಕ್ಷನ್, ಒಂದನ್ನು ಇದಕ್ಕೇ ಇಟ್ಟಿದ್ದೇವೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡುತ್ತದೆ, ಹಾಗಾಗಿ ಸಿಲಿಂಡರ್ ಇಟ್ಟ ಕಡೆ ಕೆಳಗೇ ಗಾಳಿ ಆಡಬೇಕು. ಪೈಪ್ ಐಎಸ್‌ಐ ಗುರುತಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪೇ ಇರಲಿ, ಐದು ವರ್ಷಕ್ಕೆ ಬದಲಿಸಿ. ಸೋರುತ್ತಿದೆಯಾ ನೋಡಲು ಸೋಪಿನ ನೊರೆ ಹಚ್ಚಿ, ಗುಳ್ಳೆ ಬಂದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಆನ್ ಇದ್ದದ್ದನ್ನು ಆಫ್ ಕೂಡ ಮಾಡದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ತೆಗೆಯುತ್ತಾರೆ.

ಒಳಗೆ ಯಾರಾದರೂ ಬಿದ್ದಿದ್ದಾರೆ ಅನ್ನಿಸಿದರೆ ಕರೆಯುತ್ತಾ ನಿಲ್ಲಬೇಡಿ. ಬಾಗಿಲು ಒಡೆಯಿರಿ, ಅವರನ್ನು ಎಳೆದು ಬಯಲು ಗಾಳಿಗೆ ತನ್ನಿ, ಗ್ಯಾಸ್ ಬಂದ್ ಮಾಡಿಸಿ, 108ಕ್ಕೆ ಫೋನ್ ಮಾಡಿ. ಅಲ್ಲೇ ಒಳಗೆ ಕೂರಿಸಿ ನೀರು ಚಿಮುಕಿಸುತ್ತಾ ಇದ್ದರೆ ನಿಮಗೂ ತಲೆ ಸುತ್ತುತ್ತದೆ. ಆಸ್ಪತ್ರೆಯಲ್ಲಿ ಅವರು ಕೇಳದಿದ್ದರೂ ಗ್ಯಾಸ್ ಗೀಸರ್ ಅಂತ ಮೊದಲೇ ಹೇಳಿ. ನಾವು ಬಾತ್‌ರೂಮಿನ ಚಿಲಕವನ್ನೂ ಬದಲಿಸಿದ್ದೇವೆ, ಈಗಿನದನ್ನು ಹೊರಗಿಂದ ನಾಣ್ಯ ತಿರುಗಿಸಿ ತೆಗೆಯಬಹುದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು 1,900 ಕೊಟ್ಟು ಆನ್‌ಲೈನಿನಲ್ಲಿ ತರಿಸಿದ್ದೇವೆ. ತರಿಸುವಾಗ ನೋಡಿಕೊಳ್ಳಿ, ಎಲ್‌ಪಿಜಿ ಸೋರಿದರೆ ಕೂಗುವುದೇ ಬೇರೆ, ಇದೇ ಬೇರೆ.

ಸರ್ವೀಸಿಗೆ ಬಂದ ಎರಡನೇ ಮೆಕ್ಯಾನಿಕ್ಕಿಗೆ ನನ್ನ ಪೂರ್ತಿ ಅಂಕ. ವಯಸ್ಸಾದವರು, 600 ತಗೊಂಡರು, ಬರ್ನರ್ ಬಿಚ್ಚಿ ಪ್ರತಿ ತೂತನ್ನೂ ತಂತಿಯಿಂದ ಚುಚ್ಚಿ ತೆಗೆದು, ಕಡ್ಡಿಗಳ ಮಸಿ ಒರೆಸಿ, ಉರಿ ಹಚ್ಚಿ ನನ್ನನ್ನು ಕಿಂಡಿಯ ಮುಂದೆ ನಿಲ್ಲಿಸಿ, “ಈ ನೀಲಿ ನೆನಪಿಟ್ಕೊಳಿ ಮೇಡಂ, ಇದು ಬದಲಾದ ದಿನ ನಂಗೆ ಫೋನ್ ಮಾಡಿ” ಅಂದರು. ವರ್ಷಕ್ಕೊಮ್ಮೆ, ಚಳಿಗಾಲ ಶುರುವಾಗುವ ಮೊದಲು, ಅವರನ್ನೇ ಕರೆಸುತ್ತೇನೆ. ಮಾರಿದ ಅಂಗಡಿಗೂ ಹೋಗಿ ನಡೆದದ್ದನ್ನೆಲ್ಲ ಹೇಳಿ ಬಂದೆ. ಮಾಲೀಕರು ಪೂರ್ತಿ ಕೇಳಿಸಿಕೊಂಡರು. ಫಿಟ್ಟಿಂಗ್ ಹುಡುಗರಿಗೆ ಹೇಳುತ್ತೇನೆ ಅಂದರು. ಹೇಳಿದರೋ ಇಲ್ಲವೋ ಅಂತ ಮುಂದಿನ ತಿಂಗಳು ಹೋಗಿ ವಿಚಾರಿಸುತ್ತೇನೆ.

ನಮ್ಮ ಮಹಡಿ ಮೇಲೆ ಬಾಡಿಗೆಗೆ ಇರುವವರು ಹೋದ ವಾರ ಇಂಥದ್ದೇ ಗೀಸರ್ ತಂದು ಬಾತ್‌ರೂಮಿನ ಗೋಡೆಗೆ ಹಾಕಿಸಿಕೊಂಡಿದ್ದಾರೆ. ಮನೆಯಲ್ಲಿ ನಾಲ್ಕು ವರ್ಷದ ಮಗು. ಪೈಪಿನ ಖರ್ಚು ನಾವೇ ಕೊಡುತ್ತೇವೆ, ಬಾಲ್ಕನಿಗೆ ಹಾಕಿಸಿಕೊಳ್ಳಿ ಅಂತ ಹೇಳಿ ಪ್ಲಂಬರಿಗೂ ಫೋನ್ ಮಾಡಿದ್ದೇನೆ. ಭಾನುವಾರ ಬರುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ದಿನಾ ಬೆಳಗ್ಗೆ ಮೇಲೆ ಹೋಗಿ, ಬಕೆಟ್ ತುಂಬಿದ ಮೇಲೆ ರೆಗ್ಯುಲೇಟರ್ ಬಂದ್ ಆಗಿದೆಯಾ ಅಂತ ನೋಡಿ ಬರುತ್ತಿದ್ದೇನೆ.